ಸಲೈನ್ ಬಾಟಲಿಯಲ್ಲಿ ಬಂದ ತುಂಡು: ಶಿಡ್ಲಘಟ್ಟದ ಒಂದು ಹರ್-2 ಪ್ರಕರಣ

ಶಿಡ್ಲಘಟ್ಟ ತಾಲ್ಲೂಕಿನ 44 ವರ್ಷದ ಮಹಿಳೆಯೊಬ್ಬರ ಸ್ತನ ಕ್ಯಾನ್ಸರ್ ಬಗ್ಗೆ ಕೆಲವೇ ವಾರಗಳ ಅಂತರದಲ್ಲಿ ಒಂದಕ್ಕೊಂದು ಹೊಂದದ ಎರಡು ವರದಿಗಳು ಬಂದವು. ಮೊದಲನೆಯದು ಅದನ್ನು ಟ್ರಿಪಲ್ ನೆಗೆಟಿವ್, ಅಂದರೆ ಈಸ್ಟ್ರೊಜೆನ್, ಪ್ರೊಜೆಸ್ಟರಾನ್, ಹರ್-2 ಎಂಬ ಮೂರು ಗ್ರಾಹಕಗಳೂ (ಕೋಶಕ್ಕೆ ಸಂಕೇತ ತಲುಪಿಸುವ ಪ್ರೋಟೀನುಗಳು) ಇಲ್ಲದ್ದು ಎಂದಿತು. ಎರಡನೆಯದು ಹರ್-2 ಪಾಸಿಟಿವ್ ಎಂದಿತು. ಗಡ್ಡೆ ಅದೇ, ರೋಗಿ ಅದೇ. ಬದಲಾಗಿದ್ದದ್ದು ತೆಗೆದ ತುಂಡನ್ನು ಮೊದಲ ರಾತ್ರಿ ಯಾವ ದ್ರಾವಣದಲ್ಲಿ ಇಟ್ಟಿದ್ದರು ಎಂಬುದು ಮಾತ್ರ. ಮೊದಲ ವರದಿಯನ್ನೇ ನಂಬಿದ್ದರೆ ಈಕೆಗೆ ಬೇಕಾಗಿದ್ದ ಮುಖ್ಯ ಔಷಧಿ ಯಾರ ಚೀಟಿಯಲ್ಲೂ ಬರುತ್ತಿರಲಿಲ್ಲ. ಅದಕ್ಕಾಗಿಯೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ನಾನು ಚಿಕ್ಕಬಳ್ಳಾಪುರದಲ್ಲಿ ಪೆಥಾಲಜಿಸ್ಟ್. ರೋಗಿಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ರೋಗಿಯ ಹಿನ್ನೆಲೆ

ಆಕೆ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಕೆಲಸ ಮಾಡುತ್ತಾರೆ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುವ ಕೆಲಸ; ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ಗಂಡ ಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ. ಇಬ್ಬರು ಮಕ್ಕಳು. ಮುಟ್ಟು ಇನ್ನೂ ನಿಂತಿಲ್ಲ. ಹತ್ತಿರದ ಸಂಬಂಧಿಕರಲ್ಲಿ ಯಾರಿಗೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇರಲಿಲ್ಲ.

ಎಡ ಸ್ತನದಲ್ಲಿ ಗಂಟು ಇರುವುದು ಸ್ನಾನ ಮಾಡುವಾಗ ಆಕೆಗೇ ಗೊತ್ತಾಗಿತ್ತು. ನೋವಿರಲಿಲ್ಲ; ಹಾಗಾಗಿ ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರು. ನೋವಿಲ್ಲದ ಗಂಟಿಗೇ ಹೆಚ್ಚು ಹೆದರಬೇಕು ಎಂಬುದು ನಮ್ಮ ಊರುಗಳಲ್ಲಿ ಇನ್ನೂ ಮನೆಮಾತಾಗಿಲ್ಲ. ಮೂವತ್ತು ದಾಟಿದವರ ತಪಾಸಣೆಗೆಂದು ಮನೆಗೆ ಬಂದ ಆಶಾ ಕಾರ್ಯಕರ್ತೆ ಬಿಡದೆ ಒತ್ತಾಯಿಸಿದ ಮೇಲೆ ವೈದ್ಯರಿಗೆ ತೋರಿಸಿದರು. ಗಡ್ಡೆ 3.4 ಸೆಂಟಿಮೀಟರ್ ಇತ್ತು. ಕಂಕುಳಲ್ಲಿ ಒಂದು ಗ್ರಂಥಿ ಕೈಗೆ ಸಿಗುತ್ತಿತ್ತು. ದೇಹದ ಬೇರೆಲ್ಲೂ ಹರಡಿರಲಿಲ್ಲ ಎಂಬುದು ನಂತರದ ಸ್ಕ್ಯಾನ್‌ಗಳಲ್ಲಿ ಖಚಿತವಾಯಿತು.

ಮೊದಲ ವರದಿ ಮತ್ತು ಅದರಲ್ಲಿ ಕಂಡ ದೋಷ

ಒಂದು ನರ್ಸಿಂಗ್ ಹೋಂನಲ್ಲಿ ಸೂಜಿಯಿಂದ ಬಯಾಪ್ಸಿ ಮಾಡಿ, ತೆಗೆದ ತುಂಡುಗಳನ್ನು ನಾರ್ಮಲ್ ಸಲೈನ್ (ಉಪ್ಪುನೀರಿನ ದ್ರಾವಣ) ಇದ್ದ ಬಾಟಲಿಗೆ ಹಾಕಿದ್ದರು. ರಾತ್ರಿಯಿಡೀ ಅದು ಅಲ್ಲೇ ಉಳಿಯಿತು. ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣವನ್ನು ಅದು ಕಂಡದ್ದು ಮರುದಿನ ಪ್ರಯೋಗಾಲಯ ತಲುಪಿದ ಮೇಲೆ. ವರದಿ ಬಂತು: ಗ್ರೇಡ್ 3ರ ಇನ್ವೇಸಿವ್ ಕಾರ್ಸಿನೋಮ (ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ, ಉಗ್ರ ಬಗೆಯ ಕ್ಯಾನ್ಸರ್), ಈಸ್ಟ್ರೊಜೆನ್ ಗ್ರಾಹಕ ನೆಗೆಟಿವ್, ಪ್ರೊಜೆಸ್ಟರಾನ್ ಗ್ರಾಹಕ ನೆಗೆಟಿವ್, ಹರ್-2 ಒಂದು ಪ್ಲಸ್, ಅಂದರೆ ನೆಗೆಟಿವ್.

ಕ್ಯಾನ್ಸರ್ ಎಂಬ ನಿರ್ಣಯದಲ್ಲಿ ತಪ್ಪಿರಲಿಲ್ಲ. ಅನುಮಾನ ಬಂದದ್ದು ಗ್ರಾಹಕಗಳ ಬಗ್ಗೆ. ಶಸ್ತ್ರವೈದ್ಯರು ಎರಡನೆಯ ಅಭಿಪ್ರಾಯಕ್ಕಾಗಿ ಸ್ಲೈಡುಗಳನ್ನೂ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ನನ್ನಲ್ಲಿಗೆ ಕಳುಹಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ನಾನು ಮೊದಲು ಹುಡುಕಿದ್ದು ಕ್ಯಾನ್ಸರ್ ಕೋಶಗಳನ್ನಲ್ಲ, ಅವುಗಳ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಆರೋಗ್ಯವಂತ ಹಾಲಿನ ನಾಳಗಳನ್ನು. ಯಾವುದೇ ಸ್ತನದ ಸಾಮಾನ್ಯ ನಾಳದಲ್ಲಿ ಅಲ್ಲೊಂದು ಇಲ್ಲೊಂದು ಕೋಶದ ನ್ಯೂಕ್ಲಿಯಸ್ ಈಸ್ಟ್ರೊಜೆನ್ ಗ್ರಾಹಕದ ಪರೀಕ್ಷೆಯಲ್ಲಿ ಕಂದು ಬಣ್ಣ ತಳೆಯಬೇಕು. ಪರೀಕ್ಷೆ ಸರಿಯಾಗಿ ನಡೆದಿದೆ ಎಂಬುದಕ್ಕೆ ರೋಗಿಯ ದೇಹವೇ ಒದಗಿಸುವ ಸಾಕ್ಷಿ ಅದು. ಈ ಸ್ಲೈಡಿನಲ್ಲಿ ಎರಡು ನಾಳಗಳಿದ್ದವು, ಎರಡೂ ಬರೀ ನೀಲಿ. ಒಂದು ಕೋಶವೂ ಕಂದಾಗಿರಲಿಲ್ಲ. ಜೊತೆಗೆ ನ್ಯೂಕ್ಲಿಯಸ್‌ಗಳ ಅಂಚು ಕಲಸಿಹೋಗಿತ್ತು, ಕೋಶಗಳು ಒಂದನ್ನೊಂದು ಬಿಟ್ಟು ಮುದುಡಿದ್ದವು. ಫಾರ್ಮಲಿನ್ ಸಿಗದೆ ಅಂಗಾಂಶ ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ಆರಂಭಿಸಿದಾಗ ಕಾಣುವ ಚಿತ್ರ ಇದು.

ಇಂಥ ತುಂಡಿನಲ್ಲಿ ಗ್ರಾಹಕ ಇಲ್ಲ ಎಂದು ಹೇಳಲಾಗುವುದಿಲ್ಲ. ಇದ್ದದ್ದು ಉಳಿದಿಲ್ಲ ಎಂದಷ್ಟೇ ಹೇಳಬಹುದು. ತೆಗೆದ ಒಂದು ಗಂಟೆಯೊಳಗೆ ತುಂಡು ಶೇಕಡ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಇಳಿಯಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಜಗತ್ತಿನಾದ್ಯಂತ ಒಪ್ಪಿತವಾದ ಈ ನಿಯಮವನ್ನು ಪಾಲಿಸಲು ದೊಡ್ಡ ಯಂತ್ರ ಬೇಕಾಗಿಲ್ಲ. ಒಂದು ಅಗಲ ಬಾಯಿಯ ಡಬ್ಬಿ ಮತ್ತು ಒಂದು ಗಡಿಯಾರ ಸಾಕು. ಅಷ್ಟು ಅಗ್ಗದ ಎಚ್ಚರ ತಪ್ಪಿದ್ದಕ್ಕೆ ಒಬ್ಬ ತಾಯಿಯ ಚಿಕಿತ್ಸೆಯೇ ದಾರಿ ತಪ್ಪುವುದರಲ್ಲಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮತ್ತೆ ಬಯಾಪ್ಸಿ ಮಾಡಿಸಬೇಕು ಎಂದಾಗ ಆಕೆಯ ಗಂಡ ಕೇಳಿದರು: "ಮೇಡಂ, ಒಂದು ಸಲ ಸೂಜಿ ಹಾಕಿದ್ದಾಯಿತು. ಪದೇ ಪದೇ ಚುಚ್ಚಿದರೆ ಗಡ್ಡೆ ಕೆರಳಿ ಮೈಯೆಲ್ಲ ಹರಡುತ್ತದೆ ಎನ್ನುತ್ತಾರಲ್ಲ?" ಈ ಭಯ ನಮ್ಮ ಕಡೆ ತುಂಬ ಆಳವಾಗಿದೆ, ಗದರಿಸಿದರೆ ಹೋಗುವಂಥದ್ದಲ್ಲ. ಸೂಜಿ ಬಯಾಪ್ಸಿಯಿಂದ ಸ್ತನ ಕ್ಯಾನ್ಸರ್ ರೋಗಿಯ ಆಯುಷ್ಯ ಕಡಿಮೆಯಾಗುವುದಿಲ್ಲ ಎಂದು ವಿವರಿಸಿದೆ. ಮೊದಲ ಸ್ಲೈಡನ್ನೇ ತೋರಿಸಿ, ಬಣ್ಣ ಬರಬೇಕಾದ ಕಡೆ ಬಂದಿಲ್ಲ, ಈ ಪರೀಕ್ಷೆ ಫೇಲಾಗಿದೆ ಎಂದೆ. ಆಕೆಯೇ ಗಂಡನ ಕಡೆ ತಿರುಗಿ, "ಗೂಡು ಸರಿಯಾಗಿ ಬೇಯದಿದ್ದರೆ ಎಳೆ ಸಿಗುವುದಿಲ್ಲ, ಮತ್ತೆ ಬೇಯಿಸುತ್ತೇವಲ್ಲ, ಮಾಡಿಸೋಣ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಎರಡನೆಯ ಬಯಾಪ್ಸಿಯ ತುಂಡುಗಳು ಸೂಜಿಯಿಂದ ನೇರವಾಗಿ ಫಾರ್ಮಲಿನ್‌ಗೆ ಹೋದವು. ತೆಗೆದ ಸಮಯವನ್ನು ಡಬ್ಬಿಯ ಮೇಲೆ ಬರೆಯಿಸಿದೆ. ಈ ಸಲ ನಾಳಗಳು ಕಂದು ಬಣ್ಣ ತಳೆದವು. ಕ್ಯಾನ್ಸರ್ ಕೋಶಗಳಲ್ಲಿ ಈಸ್ಟ್ರೊಜೆನ್ ಗ್ರಾಹಕ ಶೇಕಡ 40ರಷ್ಟು, ಪ್ರೊಜೆಸ್ಟರಾನ್ ಗ್ರಾಹಕ ನೆಗೆಟಿವ್, ಕೋಶ ವಿಭಜನೆಯ ವೇಗ ಸೂಚಿಸುವ ಕೆಐ-67 ಶೇಕಡ 45. ಹರ್-2 ಎರಡು ಪ್ಲಸ್, ಅಂದರೆ ಹೌದೋ ಅಲ್ಲವೋ ತೀರ್ಮಾನವಾಗದ ನಡುವಿನ ಅಂಕ.

ಈ ಗ್ರಾಹಕ ಕೋಶದೊಳಗೆ ಮಾಡುವ ಕೆಲಸ

ಎರಡು ಪ್ಲಸ್ ಏಕೆ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ ಎಂಬುದು ತಿಳಿಯಬೇಕಾದರೆ ಹರ್-2 ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಕೋಶ ತಾನಾಗಿ ಒಡೆದು ಎರಡಾಗುವುದಿಲ್ಲ. ಹೊರಗಿನಿಂದ ಒಂದು ಪ್ರೋಟೀನು ಬಂದು ಕೋಶದ ಮೇಲ್ಮೈಯ ಗ್ರಾಹಕಕ್ಕೆ ಅಂಟಿಕೊಂಡು 'ಈಗ ಬೆಳೆ' ಎಂಬ ಸಂಕೇತ ಕೊಡಬೇಕು. ಇಂಥ ಪ್ರೋಟೀನುಗಳೇ ಬೆಳವಣಿಗೆಯ ಅಂಶಗಳು. ಇವುಗಳನ್ನು ಕಂಡುಹಿಡಿದದ್ದಕ್ಕಾಗಿ ಸ್ಟ್ಯಾನ್ಲಿ ಕೊಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೊಹೆನ್ ಕಂಡುಹಿಡಿದ ಎಪಿಡರ್ಮಲ್ ಬೆಳವಣಿಗೆಯ ಅಂಶಕ್ಕೆ ಸ್ಪಂದಿಸುವ ಗ್ರಾಹಕದ ಕುಟುಂಬದಲ್ಲಿ ನಾಲ್ವರು ಸದಸ್ಯರು. ಹರ್-2 ಎರಡನೆಯದು.

ಉಳಿದ ಮೂರಕ್ಕೆ ಬಂದು ಅಂಟುವ ಪ್ರೋಟೀನುಗಳಿವೆ. ಹರ್-2ಕ್ಕೆ ಮಾತ್ರ ಅಂಥದ್ದೊಂದು ಕಂಡುಬಂದಿಲ್ಲ. ಅದು ಸದಾ ಕೈ ಚಾಚಿದ ಸ್ಥಿತಿಯಲ್ಲೇ ಇದ್ದು ಪಕ್ಕದ ಗ್ರಾಹಕದೊಂದಿಗೆ ಜೋಡಿಯಾಗುತ್ತದೆ. ಜೋಡಿಯಾದೊಡನೆ ಎರಡರ ಒಳಬಾಲಗಳಿಗೂ ಫಾಸ್ಫೇಟ್ ಸೇರಿ ಸಂಕೇತ ಒಳಗೆ ಹರಿಯುತ್ತದೆ. ಆರೋಗ್ಯವಂತ ಕೋಶದಲ್ಲಿ ಹರ್-2 ಕಡಿಮೆ ಇರುವುದರಿಂದ ಇದು ಹತೋಟಿಯಲ್ಲಿರುತ್ತದೆ. ಆದರೆ ಕೆಲವು ಕ್ಯಾನ್ಸರ್‌ಗಳಲ್ಲಿ 17ನೇ ಕ್ರೋಮೋಸೋಮಿನಲ್ಲಿರುವ ಇದರ ಜೀನು ಹಲವು ಪ್ರತಿಗಳಾಗಿ ಹೆಚ್ಚುತ್ತದೆ. ಆಗ ಒಂದೊಂದು ಕೋಶದ ಮೇಲೂ 20 ಲಕ್ಷದವರೆಗೆ ಹರ್-2 ಗ್ರಾಹಕಗಳು ಒತ್ತೊತ್ತಾಗಿ ನಿಲ್ಲುತ್ತವೆ. ಅಷ್ಟು ಗುಂಪಾದರೆ ಹೊರಗಿನ ಸಂಕೇತವೇ ಬೇಕಾಗುವುದಿಲ್ಲ, ತಮ್ಮತಮ್ಮಲ್ಲೇ ಜೋಡಿಯಾಗುತ್ತವೆ. ನಮ್ಮ ಬೋರ್‌ವೆಲ್‌ಗಳ ಆಟೋ ಸ್ಟಾರ್ಟರ್ ಹಾಗೆ: ಯಾರೂ ಗುಂಡಿ ಒತ್ತುವುದಿಲ್ಲ, ಕರೆಂಟ್ ಬಂದೊಡನೆ ಮೋಟಾರು ಓಡುತ್ತದೆ, ನೀರು ಬೇಕೋ ಬೇಡವೋ ಕೇಳುವವರಿಲ್ಲ.

ಒಳಗೆ ಹರಿಯುವ ಸಂಕೇತ ಮುಖ್ಯವಾಗಿ ಎರಡು ದಾರಿ ಹಿಡಿಯುತ್ತದೆ. ರಾಸ್–ರಾಫ್–ಮೆಕ್–ಅರ್ಕ್ ಎಂಬ ಸರಪಳಿ ಕೋಶವನ್ನು ವಿಭಜನೆಗೆ ತಳ್ಳುತ್ತದೆ. ಪಿಐ3ಕೆ–ಎಕೆಟಿ ಸರಪಳಿ ಕೋಶಕ್ಕೆ ಸಾಯದಿರುವ ಬಲ ಕೊಡುತ್ತದೆ. ಈ ಎರಡನೆಯದರಲ್ಲಿ ಹರ್-3ರ ಪಾತ್ರ ದೊಡ್ಡದು. ಅದರ ಸ್ವಂತ ಕಿಣ್ವಶಕ್ತಿ ತೀರ ದುರ್ಬಲ, ಆದರೆ ಪಿಐ3ಕೆ ಬಂದು ಕೂರಲು ಅದರ ಬಾಲದಲ್ಲಿ ಆರು ಜಾಗಗಳಿವೆ. ಹರ್-2 ಮತ್ತು ಹರ್-3 ಜೋಡಿಯಾದರೆ ಒಂದರ ಶಕ್ತಿ, ಇನ್ನೊಂದರ ಜಾಗ ಸೇರಿ ಇಡೀ ಕುಟುಂಬದಲ್ಲೇ ಪ್ರಬಲವಾದ ಸಂಕೇತ ಹೊರಡುತ್ತದೆ. ಗಡ್ಡೆ ಬೇಗ ದೊಡ್ಡದಾಗುವುದು, ಬೇಗ ಕಂಕುಳು ಮುಟ್ಟುವುದು, ಮುಂದೆ ಯಕೃತ್ತು, ಶ್ವಾಸಕೋಶ, ಮಿದುಳಿಗೆ ಹರಡುವುದು ಈ ಬಲದಿಂದಲೇ. ಹರ್-2 ಜೀನು ಹೆಚ್ಚಿದ ಗಡ್ಡೆಗಳು ಬೇಗ ಮರುಕಳಿಸುತ್ತವೆ ಎಂದು ಡೆನ್ನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದ್ದರು. ಈಗಿನ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್‌ಗಳಲ್ಲಿ ಶೇಕಡ 15ರಿಂದ 20 ಈ ಬಗೆಯವು.

ಈಕೆಯ ವರದಿಯಲ್ಲಿ ನನಗೆ ಕಣ್ಣಿಗೆ ಹೊಡೆದ ಇನ್ನೊಂದು ಅಂಶ ಈಸ್ಟ್ರೊಜೆನ್ ಗ್ರಾಹಕ ಅರೆಬರೆ ಇದ್ದು ಪ್ರೊಜೆಸ್ಟರಾನ್ ಗ್ರಾಹಕ ಇಲ್ಲದಿರುವುದು. ಬೆಳವಣಿಗೆಯ ಸಂಕೇತ ಜೋರಾಗಿ ಹರಿಯುವ ಕಡೆ ಪ್ರೊಜೆಸ್ಟರಾನ್ ಗ್ರಾಹಕದ ಉತ್ಪಾದನೆ ಕುಗ್ಗುವುದುಂಟು. ಅಷ್ಟರಿಂದಲೇ ಏನನ್ನೂ ನಿರ್ಣಯಿಸಲಾಗದು. ಆದರೆ ಗ್ರೇಡ್ 3, ಕೆಐ-67 ಶೇಕಡ 45, ಕಂಕುಳಲ್ಲಿ ಗ್ರಂಥಿ ಇವೆಲ್ಲ ಒಟ್ಟಿಗೆ ಬಂದಾಗ ಎರಡು ಪ್ಲಸ್ ಎಂಬ ವರದಿಯನ್ನು ಅಲ್ಲಿಗೇ ಬಿಡಲು ಮನಸ್ಸು ಒಪ್ಪಲಿಲ್ಲ.

ಎರಡು ಪ್ಲಸ್ ಎಂದರೆ ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ

ಶೇಕಡ 10ಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳ ಸುತ್ತ ಪೂರ್ತಿಯಾಗಿ, ಗಾಢವಾಗಿ ಕಂದು ಗೆರೆ ಕಂಡರೆ ಮೂರು ಪ್ಲಸ್, ಅದು ಪಾಸಿಟಿವ್. ಸೊನ್ನೆ ಮತ್ತು ಒಂದು ನೆಗೆಟಿವ್. ಗೆರೆ ಪೂರ್ತಿ ಇದ್ದರೂ ಬಣ್ಣ ಮಸುಕಾಗಿದ್ದರೆ ಎರಡು. ಅದಕ್ಕೆ ಫಿಶ್ ಎಂಬ ಮುಂದಿನ ಪರೀಕ್ಷೆ ಆಗಲೇಬೇಕು. ಗ್ರಾಹಕವನ್ನು ಬಿಟ್ಟು ಜೀನಿನ ಪ್ರತಿಗಳನ್ನೇ ಎಣಿಸುವ ಪರೀಕ್ಷೆ ಇದು, ಕಂದು ಬಣ್ಣದ ಪರೀಕ್ಷೆಗಿಂತ (ಐಎಚ್‌ಸಿ) ದುಬಾರಿ. ನಮ್ಮ ಜಿಲ್ಲೆಯಿಂದ ಬ್ಲಾಕ್ ಬೆಂಗಳೂರಿಗೆ ಹೋಗಬೇಕು. ಎರಡು ಪ್ಲಸ್ ಬಂದ ಎಷ್ಟೋ ರೋಗಿಗಳು ಇಲ್ಲಿಯೇ ನಿಂತುಬಿಡುತ್ತಾರೆ. ದುಡ್ಡಿಲ್ಲ, ಸಮಯವಿಲ್ಲ, ಕೀಮೋ ಶುರುವಾಗಲಿ ಆಮೇಲೆ ನೋಡೋಣ ಎನ್ನುತ್ತಾರೆ. ಆಮೇಲೆ ಯಾರೂ ನೋಡುವುದಿಲ್ಲ.

ಈ ಕುಟುಂಬಕ್ಕೂ ಅದೇ ಯೋಚನೆ ಬಂದಿತ್ತು. ಫಿಶ್ ಮಾಡಿಸದೆ ಕೀಮೋ ಆರಂಭಿಸಿದರೆ ಗಡ್ಡೆ ಕರಗಿಬಿಡಬಹುದು, ಆಗ ಪರೀಕ್ಷೆಗೆ ತುಂಡೇ ಉಳಿಯದಿರಬಹುದು ಎಂದು ಹೇಳಿದೆ. ಶಸ್ತ್ರವೈದ್ಯರೂ ಅದನ್ನೇ ಹೇಳಿದರು. ಆಕೆಯ ಅಣ್ಣ ಹಣ ಹೊಂದಿಸಿದರು.

ಫಿಶ್ ಸ್ಲೈಡನ್ನು ಕತ್ತಲೆ ಕೋಣೆಯಲ್ಲಿ ನೋಡುತ್ತಾರೆ. ನೀಲಿಯಾಗಿ ಹೊಳೆಯುವ ನ್ಯೂಕ್ಲಿಯಸ್ ಒಳಗೆ ಹಸಿರು ಚುಕ್ಕೆಗಳು 17ನೇ ಕ್ರೋಮೋಸೋಮಿನ ನಡುಭಾಗವನ್ನೂ ಕೆಂಪು ಚುಕ್ಕೆಗಳು ಹರ್-2 ಜೀನನ್ನೂ ತೋರಿಸುತ್ತವೆ. ಸಾಮಾನ್ಯ ಕೋಶದಲ್ಲಿ ಎರಡು ಹಸಿರು, ಎರಡು ಕೆಂಪು. ಕಳುಹಿಸಿದ್ದ ಚಿತ್ರಗಳಲ್ಲಿ ಪ್ರತಿ ಕೋಶದಲ್ಲೂ ಎರಡು ಮೂರು ಹಸಿರು ಚುಕ್ಕೆಗಳಿದ್ದರೆ, ಕೆಂಪು ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಗೊಂಚಲುಗಳಾಗಿದ್ದವು. ಸರಾಸರಿ ಕೆಂಪು 7.8, ಹಸಿರು 2.5, ಅನುಪಾತ 3.1. ಅನುಪಾತ 2 ಅಥವಾ ಅದಕ್ಕಿಂತ ಹೆಚ್ಚಿದ್ದು, ಹರ್-2 ಪ್ರತಿಗಳು ಸರಾಸರಿ 4 ಅಥವಾ ಹೆಚ್ಚಿದ್ದರೆ ಜೀನು ವರ್ಧನೆಗೊಂಡಿದೆ ಎಂದರ್ಥ. ಇಲ್ಲಿ ಯಾವ ಅನುಮಾನಕ್ಕೂ ಎಡೆ ಇರಲಿಲ್ಲ.

ಚಿಕಿತ್ಸೆ

ಸ್ಲಾಮನ್ ಅವರ ಕೆಲಸದಿಂದ ಹುಟ್ಟಿದ ಔಷಧಿ ಟ್ರಾಸ್ಟುಝುಮ್ಯಾಬ್. ಹರ್-2 ಗ್ರಾಹಕದ ಹೊರಭಾಗಕ್ಕೆ, ಕೋಶದ ಪೊರೆಗೆ ಹತ್ತಿರವಾಗಿ ಅಂಟಿಕೊಳ್ಳುವ ಪ್ರತಿಕಾಯ. ಅದು ಸಂಕೇತವನ್ನು ತಗ್ಗಿಸುತ್ತದೆ, ರೋಗನಿರೋಧಕ ಕೋಶಗಳಿಗೂ ಗಡ್ಡೆಯನ್ನು ಗುರುತಿಸಿ ಕೊಡುತ್ತದೆ. ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ಆರಂಭಿಕ ಹಂತದ ರೋಗಿಗಳಲ್ಲಿ ಕೀಮೋ ಜೊತೆ ಕೊಟ್ಟರೆ ಮರುಕಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು 2005ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳು ತೋರಿಸಿದವು. ಬಹುಕಾಲ ಇದು ನಮ್ಮ ರೋಗಿಗಳ ಕೈಗೆಟುಕಲಿಲ್ಲ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಬಯೋಸಿಮಿಲರ್ ರೂಪವನ್ನು (ಮೂಲ ಔಷಧಿಯನ್ನು ಹೋಲುವ, ಅದರಂತೆಯೇ ಕೆಲಸ ಮಾಡುವ ರೂಪ) ಮಾರುಕಟ್ಟೆಗೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಕುಟುಂಬದ ಬಳಿ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪಡೆದು ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ದಾಖಲಾದರು. ಶಸ್ತ್ರಚಿಕಿತ್ಸೆಗೆ ಮೊದಲೇ ಔಷಧಿ ಕೊಡುವುದು ಎಂದು ನಿರ್ಧಾರವಾಯಿತು: ಮೂರು ವಾರಕ್ಕೊಮ್ಮೆ ಡೋಸಿಟ್ಯಾಕ್ಸಲ್, ಕಾರ್ಬೋಪ್ಲಾಟಿನ್ ಎಂಬ ಕೀಮೋ ಔಷಧಿಗಳು ಮತ್ತು ಟ್ರಾಸ್ಟುಝುಮ್ಯಾಬ್, ಆರು ಸುತ್ತು. ಆಕೆಯ ತೂಕ 52 ಕಿಲೋ. ಪ್ರತಿಕಾಯದ ಮೊದಲ ಡೋಸ್ ಕಿಲೋಗೆ 8 ಮಿಲಿಗ್ರಾಂ, ನಂತರದ್ದು 6. ಹರ್-2 ಜೋಡಿಯಾಗುವ ಜಾಗವನ್ನೇ ಮುಚ್ಚುವ ಪರ್ಟುಝುಮ್ಯಾಬ್ ಕೂಡ ಸೇರಿದ್ದರೆ ಇನ್ನೂ ಒಳ್ಳೆಯದಿತ್ತು. ಖರ್ಚು ಭರಿಸುವ ದಾರಿ ಸಿಗದೆ ಅದನ್ನು ಬಿಡಬೇಕಾಯಿತು.

ಎರಡನೆಯ ಸುತ್ತಿನ ಹೊತ್ತಿಗೆ ಕಂಕುಳಿನ ಗ್ರಂಥಿ ಕೈಗೆ ಸಿಗದಾಯಿತು. ಆರು ಸುತ್ತು ಮುಗಿದು ಶಸ್ತ್ರಚಿಕಿತ್ಸೆಯಾದಾಗ 3.4 ಸೆಂಟಿಮೀಟರ್ ಗಡ್ಡೆಯ ಜಾಗದಲ್ಲಿ ಉಳಿದಿದ್ದದ್ದು 6 ಮಿಲಿಮೀಟರ್. ತೆಗೆದ 14 ಗ್ರಂಥಿಗಳಲ್ಲಿ ಕ್ಯಾನ್ಸರ್ ಇರಲಿಲ್ಲ. ಎರಡರಲ್ಲಿ ನಾರುಗಟ್ಟಿದ ಕಲೆಗಳಿದ್ದವು. ಒಂದು ಕಾಲದಲ್ಲಿ ಅಲ್ಲಿ ಕ್ಯಾನ್ಸರ್ ಇತ್ತು, ಸತ್ತಿದೆ ಎಂಬುದರ ಗುರುತು ಅದು.

ಆದರೂ 6 ಮಿಲಿಮೀಟರ್ ಉಳಿದಿತ್ತು. ಅಷ್ಟು ಔಷಧಿಯ ನಡುವೆಯೂ ಬದುಕಿದ ಕೋಶಗಳು ಸಾಧುವಾದವಲ್ಲ. ಪಿಐ3ಕೆ ಜೀನಿನಲ್ಲಿ ಬದಲಾವಣೆಯಾಗಿ ಗ್ರಾಹಕದ ಹಂಗಿಲ್ಲದೆ ಸಂಕೇತ ಹರಿಯಬಹುದು, ಆ ಸಂಕೇತಕ್ಕೆ ತಡೆಯೊಡ್ಡುವ ಪಿಟೆನ್ ಕಳೆದುಹೋಗಿರಬಹುದು, ಈಸ್ಟ್ರೊಜೆನ್ ದಾರಿ ಹಿಡಿದು ತಪ್ಪಿಸಿಕೊಂಡಿರಬಹುದು. ಹಾಗಾಗಿ ಉಳಿದ ತುಂಡಿನಲ್ಲಿ ಗ್ರಾಹಕಗಳನ್ನು ಮತ್ತೆ ಪರೀಕ್ಷಿಸುವಂತೆ ಬರೆದೆ. ಹರ್-2 ಈಗಲೂ ವರ್ಧನೆಗೊಂಡೇ ಇತ್ತು. ಈಸ್ಟ್ರೊಜೆನ್ ಗ್ರಾಹಕ ಶೇಕಡ 70ಕ್ಕೆ ಏರಿತ್ತು.

ಇಂಥವರಿಗೆ ಟಿ-ಡಿಎಂ1 ಕೊಡುವುದು ಉತ್ತಮ. ಅದೇ ಪ್ರತಿಕಾಯದ ಬೆನ್ನಿಗೆ ಕಟ್ಟಿದ ವಿಷ. ಗ್ರಾಹಕದ ಮೂಲಕವೇ ಕೋಶದೊಳಗೆ ಇಳಿದು ಬಿಚ್ಚಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯ ನಂತರವೂ ಕ್ಯಾನ್ಸರ್ ಉಳಿದಿದ್ದವರಲ್ಲಿ ಮರುಕಳಿಕೆ ಅಥವಾ ಸಾವಿನ ಅಪಾಯವನ್ನು ಅದು ಟ್ರಾಸ್ಟುಝುಮ್ಯಾಬ್‌ಗೆ ಹೋಲಿಸಿದರೆ ಅರ್ಧದಷ್ಟು ಕಡಿಮೆ ಮಾಡಿತು ಎಂದು ಕ್ಯಾಥರೀನ್ ಎಂಬ ಪ್ರಯೋಗ ತೋರಿಸಿದೆ. ಮೂರು ವರ್ಷದ ಹೊತ್ತಿಗೆ ಮರುಕಳಿಕೆಯಿಲ್ಲದೆ ಉಳಿದವರು ಟಿ-ಡಿಎಂ1 ಗುಂಪಿನಲ್ಲಿ ಶೇಕಡ 88.3, ಟ್ರಾಸ್ಟುಝುಮ್ಯಾಬ್ ಗುಂಪಿನಲ್ಲಿ 77. ಈಕೆಗೆ ಅದು ಸಿಗಲಿಲ್ಲ. ಸಾಲ ಮಾಡುವ ಮಾತು ಬಂದಾಗ ಆಕೆಯೇ ತಡೆದರು. ಮಗಳ ಓದು ನಡುವೆ ನಿಲ್ಲುತ್ತದೆ ಎಂದರು. ಇದನ್ನು ರೋಗಿಯ ಆಯ್ಕೆ ಎಂದು ಕಡತದಲ್ಲಿ ಬರೆಯಬಹುದು. ನಾನು ಹಾಗೆ ಬರೆಯಲಾರೆ. ಔಷಧಿ ಇದೆ, ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆಯಿದೆ, ನೂಲು ಬಿಚ್ಚುವ ಹೆಂಗಸಿಗೆ ಅದು ಸಿಗಲಿಲ್ಲ; ಇರುವುದು ಇಷ್ಟೇ. ವಿಕಿರಣ ಚಿಕಿತ್ಸೆ ಆಯಿತು, ಟ್ರಾಸ್ಟುಝುಮ್ಯಾಬ್ ಮುಂದುವರಿಯಿತು.

ಹೃದಯದ ಕಡೆಯಿಂದ ಬಂದ ತೊಡಕು

ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುವುದು ಈ ಚಿಕಿತ್ಸೆಯ ಭಾಗ. ಆರಂಭದಲ್ಲಿ ಹೃದಯದ ಎಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಪ್ರತಿ ಬಡಿತಕ್ಕೆ ಅದು ಹೊರತಳ್ಳುವ ರಕ್ತದ ಪಾಲು, ಶೇಕಡ 62 ಇತ್ತು, ಆಮೇಲೆ 58. ಶಸ್ತ್ರಚಿಕಿತ್ಸೆಯ ನಂತರ ಮಾಡಿಸಿದಾಗ 48. ಆಕೆಗೆ ಏದುಸಿರಿರಲಿಲ್ಲ, ಕಾಲು ಊದಿರಲಿಲ್ಲ. ಎಕೋ ಮಾಡಿಸದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಕಾರಣ ಮತ್ತೆ ಅದೇ ಗ್ರಾಹಕ. ಹೃದಯದ ಸ್ನಾಯುಕೋಶಗಳೂ ಹರ್-2 ಬಳಸುತ್ತವೆ. ನ್ಯೂರೆಗ್ಯುಲಿನ್ ಎಂಬ ಬೆಳವಣಿಗೆಯ ಅಂಶ ಹರ್-4ಕ್ಕೆ ಅಂಟಿಕೊಂಡಾಗ ಅದು ಹರ್-2 ಜೊತೆ ಜೋಡಿಯಾಗಿ, ದಣಿದ ಸ್ನಾಯುಕೋಶಕ್ಕೆ ದುರಸ್ತಿಯ ಸಂಕೇತ ಕೊಡುತ್ತದೆ. ಗಡ್ಡೆಯಲ್ಲಿ ನಾವು ತಡೆಯಲು ಬಯಸುವ ಸಂಕೇತವೇ ಹೃದಯಕ್ಕೆ ಆಸರೆ. ಕೋಶಗಳನ್ನೇ ಕೊಲ್ಲುವ ಡಾಕ್ಸೊರುಬಿಸಿನ್‌ನಂಥ ಔಷಧಿಗಳ ಹಾನಿಯಂತಲ್ಲದೆ, ಇದು ಔಷಧಿ ನಿಲ್ಲಿಸಿದರೆ ಬಹುತೇಕ ಸರಿಹೋಗುತ್ತದೆ. ಆ ಗುಂಪಿನ ಔಷಧಿಯಿಲ್ಲದ ಕೀಮೋವನ್ನು ಮೊದಲೇ ಆರಿಸಿದ್ದು ಇಲ್ಲಿ ಕೈ ಹಿಡಿಯಿತು.

ಫ್ರ್ಯಾಕ್ಷನ್ ಸಹಜ ಮಟ್ಟಕ್ಕಿಂತ ಕೆಳಗಿಳಿದು, ಆರಂಭಕ್ಕಿಂತ 10 ಅಂಶಕ್ಕೂ ಹೆಚ್ಚು ಕುಸಿದಿದ್ದರಿಂದ ಟ್ರಾಸ್ಟುಝುಮ್ಯಾಬ್ ನಿಲ್ಲಿಸಿ ಹೃದಯದ ಮಾತ್ರೆಗಳನ್ನು ಆರಂಭಿಸಿದರು. ಗಂಡ ಗಾಬರಿಯಾಗಿ, "ಔಷಧಿ ನಿಂತರೆ ಗಡ್ಡೆ ಮತ್ತೆ ಬರುವುದಿಲ್ಲವೇ?" ಎಂದು ನನ್ನನ್ನೇ ಕೇಳಿದರು. ಕೆಲವು ವಾರಗಳ ವಿರಾಮ ತಪ್ಪಿಸಲು ಹೃದಯವನ್ನು ಪಣಕ್ಕಿಡಬಾರದು ಎಂದು ಹೇಳಿ, ಹೃದ್ರೋಗ ತಜ್ಞರ ಮಾತು ಮೀರದಂತೆ ಒತ್ತಾಯಿಸಿದೆ. ನಾಲ್ಕು ವಾರಗಳ ಮೇಲೆ ಎಕೋ 56 ತೋರಿಸಿತು. ಔಷಧಿ ಮತ್ತೆ ಆರಂಭವಾಗಿ, ನಿಗದಿಯಾಗಿದ್ದ 18 ಡೋಸ್‌ಗಳೂ ಮುಗಿದವು.

ಈಗಿನ ಸ್ಥಿತಿ

ಹರ್-2 ದಾರಿ ಮುಚ್ಚಿದಾಗ ಈಸ್ಟ್ರೊಜೆನ್ ದಾರಿ ತೆರೆದುಕೊಳ್ಳಬಾರದೆಂದು ಆಕೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದಾರೆ. ಕನಿಷ್ಠ ಐದು ವರ್ಷ ಅದು ನಡೆಯಬೇಕು. ಮೊದಲ ವರದಿ ಈಸ್ಟ್ರೊಜೆನ್ ಗ್ರಾಹಕ ಇಲ್ಲವೆಂದಿತ್ತು. ಅದನ್ನೇ ನಂಬಿದ್ದರೆ ಈ ಅಗ್ಗದ ಮಾತ್ರೆಯೂ ತಪ್ಪುತ್ತಿತ್ತು. ಕೆಲಸಕ್ಕೆ ಮರಳಿದ್ದಾರೆ. ಗ್ರಂಥಿಗಳನ್ನು ತೆಗೆದ ಕಡೆಯ ಎಡಗೈ ಊದದಂತೆ ಭಾರ ಎತ್ತುವುದನ್ನು ನಿಧಾನವಾಗಿ ಹೆಚ್ಚಿಸುತ್ತಿದ್ದಾರೆ, ಕೈಯ ವ್ಯಾಯಾಮ ಬಿಟ್ಟಿಲ್ಲ. ಬಿಸಿನೀರಿನಿಂದ ಎಡಗೈ ಸುಡದಂತೆ ನೋಡಿಕೊಳ್ಳಲು ಹೇಳಿದ್ದೇವೆ. ಘಟಕದ ಮಾಲೀಕರು ಬೇಸಿನ್ ಬಿಡಿಸಿ ನೂಲು ಸುತ್ತುವ ಕಡೆ ಕೂರಿಸಿದ್ದಾರೆ.

ನಮಗೆ ತುಂಡು ಕಳುಹಿಸುವ ಆಸ್ಪತ್ರೆಗಳಿಗೆ ಈಗ ಫಾರ್ಮಲಿನ್ ತುಂಬಿದ ಡಬ್ಬಿಗಳನ್ನು ನಾವೇ ಮೊದಲೇ ಕೊಟ್ಟಿರುತ್ತೇವೆ. ಕೋರಿಕೆ ಚೀಟಿಯಲ್ಲಿ ತುಂಡು ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಎಂದು ಎರಡು ಸಾಲುಗಳಿವೆ. ಸಾಲು ಖಾಲಿ ಇದ್ದರೆ ಫೋನ್ ಮಾಡಿ ಕೇಳುತ್ತೇವೆ. ಎರಡು ಪ್ಲಸ್ ಬಂದ ವರದಿಯ ಕೊನೆಯಲ್ಲಿ 'ಫಿಶ್ ಆಗದೆ ಚಿಕಿತ್ಸೆ ನಿರ್ಧರಿಸಬೇಡಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ.

ಆಕೆಗೆ ವರ್ಷಕ್ಕೊಮ್ಮೆ ಬಲ ಸ್ತನದ ಮ್ಯಾಮೋಗ್ರಾಂ ಇದೆ. ಹರ್-2 ಕ್ಯಾನ್ಸರ್ ಮಿದುಳಿಗೆ ಹರಡುವ ಸ್ವಭಾವದ್ದು, ಟ್ರಾಸ್ಟುಝುಮ್ಯಾಬ್ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ಬಿಡದೆ ಕಾಡುವ ತಲೆನೋವು, ಬೆಳಗಿನ ವಾಂತಿ, ಕೈಕಾಲಿನ ಬಲಹೀನತೆ ಕಂಡರೆ ಮಾತ್ರೆ ನುಂಗಿ ಕಾಯದೆ ಬೆಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಬೇಕೆಂದು ಗಂಡನಿಗೂ ಮಗಳಿಗೂ ತಿಳಿಸಿದ್ದೇವೆ. ಎಲ್ಲಾದರೂ ಹೊಸ ಗಡ್ಡೆ ಕಂಡರೆ ಅಲ್ಲಿಂದಲೂ ತುಂಡು ತೆಗೆದು ಮೂರೂ ಗ್ರಾಹಕಗಳನ್ನು ಮತ್ತೆ ನೋಡಬೇಕು. ಅದಕ್ಕೆ ಹೋಲಿಸಿ ನೋಡಲು ಬೇಕಾಗುವ ಎರಡನೆಯ ಬಯಾಪ್ಸಿಯ ಬ್ಲಾಕ್ ಸಂಖ್ಯೆಯನ್ನು ಮಗಳು ತನ್ನ ಮೊಬೈಲ್‌ನಲ್ಲಿ ಉಳಿಸಿಕೊಂಡಿದ್ದಾಳೆ.